ಬರ್ತೀನಿ ಎಂಬ ಚೀಟಿ

ಬಾಯಿ ಮುಚ್ಚಿಕೊಂಡು ಕೂರುವ ಕೆಲಸಕ್ಕೆ ನಾನೇ ಅರ್ಜಿ ಹಾಕಿಕೊಂಡೆ ಎಂದರೆ ನನ್ನನ್ನು ಬಲ್ಲವರು ಇವತ್ತಿಗೂ ನಂಬುವುದಿಲ್ಲ. ಮೂವತ್ತೊಂದು ವರ್ಷ ವಕೀಲಿ ಮಾಡಿದವಳು ನಾನು. ಕೋರ್ಟಿನ ಅಂಗಳದಲ್ಲಿ ನನಗೆ ಗಿರಣಿ ಎಂದು ಅಡ್ಡಹೆಸರು. ಹಾಕಿದ್ದನ್ನು ನುಣ್ಣಗೆ ಮಾಡುತ್ತೇನೆ ಎಂಬ ಮೆಚ್ಚುಗೆಯಿಂದಲ್ಲ, ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ ಎಂಬ ಸಂಕಟದಿಂದ ಇಟ್ಟ ಹೆಸರು ಅದು.

ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕಕ್ಷಿದಾರರು ಹೇಳಿದಾಗಲೆಲ್ಲ ನಕ್ಕು ತಳ್ಳಿಹಾಕುತ್ತಿದ್ದೆ. ಕೊನೆಗೊಂದು ದಿನ, ಅಣ್ಣ ತಮ್ಮಂದಿರು ಹನ್ನೆರಡು ವರ್ಷ ಎಳೆದಾಡಿದ ಒಂದು ಗೋಡೆಯ ದಾವೆಯನ್ನು ಗೆದ್ದುಕೊಟ್ಟೆ. ಗೆದ್ದ ಮುದುಕ ತೀರ್ಪಿನ ಪ್ರತಿಯನ್ನು ಎದೆಗೊತ್ತಿಕೊಂಡು ನಿಂತು, ಇನ್ನು ಮೇಲೆ ಅಣ್ಣನ ಜೊತೆ ಮಾತಾಡಬಹುದಾ ಎಂದು ನನ್ನನ್ನು ಕೇಳಿದ. ಅದಕ್ಕೆ ಯಾವ ಕಾಯ್ದೆಯಲ್ಲಿ ಉತ್ತರ ಹುಡುಕಲಿ? ಮರುವರ್ಷ ಕರಿಕೋಟು ಕಳಚಿಟ್ಟು ಮಧ್ಯಸ್ಥಿಕೆಯ ತರಬೇತಿಗೆ ಹೋದೆ.

ಮಧ್ಯಸ್ಥಿಕೆ ಎಂದರೆ ತೀರ್ಪು ಕೊಡುವುದಲ್ಲ. ಯಾರು ಸರಿ, ಯಾರು ತಪ್ಪು ಎಂದು ಹೇಳುವುದೂ ಅಲ್ಲ. ಜಗಳವಾಡಿದ ಇಬ್ಬರನ್ನು ಒಂದೇ ಮೇಜಿಗೆ ಕೂರಿಸಿ, ದಾರಿ ಅವರ ಬಾಯಿಂದಲೇ ಹೊರಡಲಿ ಎಂದು ಕಾಯುವುದು. ಕಾಯುವ ವಿಷಯದಲ್ಲಿ ನನ್ನ ಯೋಗ್ಯತೆ ಏನೆಂದು ನನ್ನ ಗಂಡನನ್ನು ಕೇಳಬೇಕು. ಹಾಲು ಉಕ್ಕುವವರೆಗೂ ಒಲೆಯ ಮುಂದೆ ನಿಲ್ಲಲಾರದವಳು ಇನ್ನೊಬ್ಬರ ಮನಸ್ಸು ಕರಗುವವರೆಗೆ ಹೇಗೆ ಕೂರುತ್ತಾಳೋ ಎಂದು ಅವರು ಆಗಲೇ ಆಡಿಕೊಂಡಿದ್ದರು.

ಆ ವರ್ಷ ನನ್ನ ಮೇಜಿಗೆ ಬಂದದ್ದು ಒಬ್ಬ ಅಕ್ಕ ಮತ್ತು ಅವಳ ತಮ್ಮನ ದಾವೆ. ಇಬ್ಬರೂ ಪುಸ್ತಕ ಕಟ್ಟುವವರು. ಅಪ್ಪ ಬಿಟ್ಟುಹೋದ ಅಂಗಡಿಯನ್ನು ಇಪ್ಪತ್ತು ವರ್ಷ ಜೊತೆಯಾಗಿ ನಡೆಸಿದ್ದರು. ಅಕ್ಕ ಕಿಟಕಿಯ ಪಕ್ಕ ಕೂತು ಹಾಳೆಗಳನ್ನು ಹೊಲಿಯುತ್ತಿದ್ದಳು. ತಮ್ಮ ಅಂಚು ಕತ್ತರಿಸಿ, ಅಂಟು ಬಳಿದು, ರಟ್ಟು ಹಾಕುತ್ತಿದ್ದ. ಬೋರ್ಡಿನ ಮೇಲೆ 'ಅಕ್ಕ ತಮ್ಮ ಬುಕ್ ಬೈಂಡರ್ಸ್' ಎಂದಿತ್ತು.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಪರವೂರಿನಲ್ಲಿದ್ದ ಅಕ್ಕನ ಅತ್ತೆ ಬಿದ್ದು ಸೊಂಟ ಮುರಿದುಕೊಂಡರು. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಅತ್ತೆಗೆ ಇವಳನ್ನು ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ತಮ್ಮ ಕಾಗದ ತರಲು ಹೋಗಿದ್ದ. ಅವಳು ಕೈಲಿದ್ದ ಕೆಲಸವನ್ನು ಹಾಗೇ ಬಿಟ್ಟು, ಕತ್ತರಿಸಿ ಉಳಿದ ಕಾಗದದ ಪಟ್ಟಿಯೊಂದರ ಮೇಲೆ ಪೆನ್ಸಿಲಿನಲ್ಲಿ ಒಂದೇ ಪದ ಬರೆದು ಅವನ ಮೇಜಿನ ಮೇಲಿಟ್ಟು ಬಸ್ಸು ಹತ್ತಿದಳು. ಆ ಪದ, 'ಬರ್ತೀನಿ'.

ಹದಿನೈದು ದಿನದಲ್ಲಿ ಬರುತ್ತೇನೆ ಎಂದುಕೊಂಡವಳು ಬಂದದ್ದು ಮೂರು ವರ್ಷದ ಮೇಲೆ, ಅತ್ತೆಯನ್ನು ಮಣ್ಣಿಗೆ ಕೊಟ್ಟು. ಅಂಗಡಿಯ ಎದುರು ಬಂದು ನಿಂತು ತಲೆಯೆತ್ತಿ ನೋಡಿದರೆ ಬೋರ್ಡಿನಲ್ಲಿ 'ಅಕ್ಕ' ಇರಲಿಲ್ಲ. 'ತಮ್ಮ ಬುಕ್ ಬೈಂಡರ್ಸ್' ಎಂದಷ್ಟೇ ಇತ್ತು. ಗಿರಾಕಿಗಳೆಲ್ಲ ಅದನ್ನು 'ತಮ್ಮದೇ ಅಂಗಡಿ' ಎನ್ನುವ ವಿನಯವೆಂದು ತಿಳಿದು, ನಮ್ಮದೇ ಅಂಗಡಿ ಅಂತ ಬೋರ್ಡೇ ಹೇಳುತ್ತದಲ್ಲ ಎಂದು ಖುಷಿಪಡುತ್ತಿದ್ದರಂತೆ. ಅಕ್ಕನಿಗೆ ಆ ವಿನಯ ಅರ್ಥವಾಗಲಿಲ್ಲ. ರಸ್ತೆ ದಾಟದೆ ತಿರುಗಿ ನೇರವಾಗಿ ವಕೀಲರ ಮನೆಗೆ ಹೋದಳು.

ಮುಂದಿನ ಎರಡು ವರ್ಷ ಕೋರ್ಟಿನಲ್ಲಿ ನಡೆದದ್ದು ಆ ಚೀಟಿಯ ಕತೆ. ಬರ್ತೀನಿ ಎಂದರೆ ಮರಳಿ ಬರುತ್ತೇನೆ ಎಂದೇ ಅರ್ಥ, ಆದ್ದರಿಂದ ಅವರು ಅಂಗಡಿ ಬಿಟ್ಟುಹೋಗಿಲ್ಲ ಎಂದು ಅಕ್ಕನ ವಕೀಲರು ವ್ಯಾಕರಣದ ಮೇಷ್ಟರೊಬ್ಬರ ಪತ್ರವನ್ನೇ ಹಾಜರುಪಡಿಸಿದರು. ತಮ್ಮನ ವಕೀಲರು ಬಿಡುವವರಲ್ಲ. ನಮ್ಮಲ್ಲಿ ಹೋಗುವವರೆಲ್ಲ ಬರ್ತೀನಿ ಎಂದೇ ಹೇಳಿ ಹೋಗುವುದು, ಬಾಗಿಲಿಗೆ ಬಂದ ಹಾಲಿನವನೂ ಬರ್ತೀನಿ ಅನ್ನುತ್ತಾನೆ, ಅವನಿಗೂ ಅಂಗಡಿಯಲ್ಲಿ ಅರ್ಧ ಪಾಲು ಕೊಡಬೇಕೇ ಎಂದು ಕೇಳಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಕಡತವನ್ನು ನನ್ನ ಕಡೆ ಕಳಿಸಿದರು. ನಾನು ಗೊತ್ತುಮಾಡಿದ ದಿನ ಇತ್ಯರ್ಥವಾಗದಿದ್ದರೆ ಸೋಮವಾರದಿಂದ ಸಾಕ್ಷಿ ವಿಚಾರಣೆ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಒಬ್ಬರನ್ನೊಬ್ಬರು ಕಟಕಟೆಗೆ ಹತ್ತಿಸಿದ ಮೇಲೆ ಒಂದೇ ಸೂರಿನಡಿ ಕೂತು ಕೆಲಸ ಮಾಡಿದ್ದನ್ನು ನಾನಂತೂ ನೋಡಿಲ್ಲ.

ನಮ್ಮ ಕೋಣೆ ಕೋರ್ಟಿನ ಮೂರನೇ ಮಹಡಿಯಲ್ಲಿದೆ. ಯಾರೂ ಯಜಮಾನರಂತೆ ಮೇಜಿನ ತುದಿಯಲ್ಲಿ ಕೂರಬಾರದೆಂದು ಮೇಜು ದುಂಡಗಿದೆ. ಕುರ್ಚಿಗಳೆಲ್ಲ ಒಂದೇ ಎತ್ತರ. ಒಂದು ಮಾತ್ರ ಕಿರುಗುಟ್ಟುತ್ತದೆ, ಅದನ್ನು ನಾನು ಇಟ್ಟುಕೊಂಡಿದ್ದೇನೆ. ಪಕ್ಕದಲ್ಲಿ ಇನ್ನೊಂದು ಚಿಕ್ಕ ಕೋಣೆ. ಗೋಡೆ ತೆಳು, ಆದ್ದರಿಂದ ಗುಟ್ಟಿನ ಮಾತಿಗೆ ಕೂತಾಗ ಫ್ಯಾನನ್ನು ಜೋರಾಗಿ ಹಾಕುತ್ತೇನೆ.

ಇಬ್ಬರೂ ಹತ್ತಕ್ಕೆ ಬಂದರು. ಅಕ್ಕ ಐವತ್ತರ ಆಸುಪಾಸಿನ ತೆಳ್ಳಗಿನ ಹೆಂಗಸು. ತಮ್ಮ ಅವಳಿಗಿಂತ ನಾಲ್ಕೈದು ವರ್ಷ ಚಿಕ್ಕವನು, ಉಗುರುಗಳ ಸಂದಿಯಲ್ಲಿ ಒಣಗಿದ ಅಂಟು. ಒಬ್ಬರ ಮುಖ ಒಬ್ಬರು ನೋಡದೆ ಮೇಜನ್ನೇ ನೋಡುತ್ತ ಕೂತರು. ನಿಯಮಗಳನ್ನು ಹೇಳಿದೆ. ಇಲ್ಲಿ ಆಡಿದ ಮಾತು ಈ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಒಬ್ಬೊಬ್ಬರ ಜೊತೆ ಬೇರೆಯಾಗಿ ಕೂತಾಗ ಹೇಳಿದ್ದನ್ನು, ಅವರು ಒಪ್ಪದ ಹೊರತು ಇನ್ನೊಬ್ಬರಿಗೂ ನಾನು ಹೇಳುವುದಿಲ್ಲ. ಒಪ್ಪುವುದು ಬಿಡುವುದು ಅವರಿಬ್ಬರಿಗೆ ಸೇರಿದ್ದು. ಆಮೇಲೆ ಯಾರಾದರೂ ಮಾತು ಶುರುಮಾಡಿ ಎಂದೆ. ವಕೀಲರಿಬ್ಬರೂ ಒಟ್ಟಿಗೆ ಬಾಯಿ ತೆಗೆದರು. ಹತ್ತು ನಿಮಿಷದಲ್ಲಿ ಹಾಲಿನವನೂ ವ್ಯಾಕರಣದ ಮೇಷ್ಟರೂ ಮೇಜಿನ ಮೇಲೆ ಬಂದು ಕೂತರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ವಕೀಲರನ್ನು ಟೀ ಕುಡಿಯಲು ಕಳಿಸಿ, ತಮ್ಮನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಅಕ್ಕನನ್ನು ಚಿಕ್ಕ ಕೋಣೆಗೆ ಕರೆದೆ.

ಫ್ಯಾನು ತಿರುಗತೊಡಗಿದ ಮೇಲೆ ಅವಳು ನಿಧಾನವಾಗಿ ಮಾತಿಗಿಳಿದಳು. ಅತ್ತೆಯ ಮಂಚ, ಮದ್ದಿನ ವಾಸನೆ, ಮಗ್ಗುಲು ಬದಲಿಸುವ ಕೆಲಸ. ವಾರಕ್ಕೊಮ್ಮೆ ತಮ್ಮ ಫೋನು ಮಾಡುತ್ತಿದ್ದನಂತೆ. ಅತ್ತೆ ಹೇಗಿದ್ದಾರೆ, ಊಟ ಮಾಡಿದೆಯಾ, ಅಷ್ಟೆ. ಪ್ರತಿ ಸಲವೂ ಇವಳು ಬರ್ತೀನಿ ಎಂದೇ ಫೋನು ಇಡುತ್ತಿದ್ದಳು.

"ಯಾವಾಗ ಬರ್ತೀಯಾ ಅಂತ ಒಂದು ಸಲಾನಾದ್ರೂ ಕೇಳಬಾರದಾ ಮೇಡಂ?" ಎಂದಳು. "ಕೇಳಲಿಲ್ಲ. ನಾನು ಬೇಡವಾದೆ ಅಂತ ಆಗಲೇ ಗೊತ್ತಾಗಬೇಕಿತ್ತು ನಂಗೆ."

ಕೊನೆಗೆ ನಿಮಗೆ ಏನು ಬೇಕು ಎಂದು ಕೇಳಿದೆ. ದಾವೆಯಲ್ಲಿ ಬರೆದದ್ದನ್ನು ಬಿಟ್ಟು ಹೇಳಿ ಎಂದೆ.

"ಪಾಲು ಗೀಲು ಏನೂ ಬೇಡ. ಕಿಟಕಿ ಪಕ್ಕ ನನ್ನ ಜಾಗ ಬೇಕು. ಹೊಲಿಗೆ ಬಿಟ್ಟು ನಂಗೆ ಬೇರೇನೂ ಬರಲ್ಲ. ಆದ್ರೆ ಅವನೇ ಕರೀಬೇಕು, ನಾನಾಗಿ ಕೇಳಲ್ಲ. ಇದನ್ನ ಅವನಿಗೆ ಹೇಳ್ಬೇಡಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟು ಹೊರಗೆ ಬಂದೆ. ತಮ್ಮನನ್ನು ದೊಡ್ಡ ಕೋಣೆಗೆ ಕರೆದು ಅಲ್ಲೂ ಫ್ಯಾನು ಹಾಕಿದೆ.

ಅವನು ಮೊದಲು ವಕೀಲರು ಬರೆದುಕೊಟ್ಟಿದ್ದನ್ನೇ ಒಪ್ಪಿಸಿದ. ಅಕ್ಕ ಹೋದ ಮರುವರ್ಷ ಅಂಗಡಿಯ ಪರವಾನಗಿ ನವೀಕರಣಕ್ಕೆ ಇಬ್ಬರ ಸಹಿಯೂ ಬೇಕಿತ್ತು. ಅಕ್ಕನನ್ನು ಕರೆಸಿ, ಇಲ್ಲವಾದರೆ ಅವರು ಸ್ವಇಚ್ಛೆಯಿಂದ ಬಿಟ್ಟುಹೋಗಿದ್ದಾರೆ ಎಂದು ಬರೆದುಕೊಡಿ ಎಂದರು ಕಚೇರಿಯವರು. ಬರೆದುಕೊಟ್ಟ. ಪರವಾನಗಿಯಲ್ಲಿ ಒಬ್ಬನೇ ಇದ್ದರೆ ಬೋರ್ಡಿನಲ್ಲಿ ಇಬ್ಬರಿರಬಾರದು ಎಂದರು. ಅದನ್ನೂ ಅಳಿಸಿದ. ಒಂದು ಸಹಿಗೆ ಅಕ್ಕನನ್ನು ಕರೆಸಲು ಏನಾಗಿತ್ತು ನಿಮಗೆ ಎಂದು ನನ್ನೊಳಗಿನ ವಕೀಲೆ ಕೇಳಿಯೇಬಿಡುತ್ತಿದ್ದಳು. ನಾಲಿಗೆ ಕಚ್ಚಿಕೊಂಡು ಬೇರೆ ರೀತಿ ಕೇಳಿದೆ. ಅಷ್ಟು ವರ್ಷ ಫೋನು ಮಾಡಿದವರು ಯಾವಾಗ ಬರುತ್ತೀಯಾ ಎಂದು ಕೇಳಬೇಕು ಅನ್ನಿಸಲಿಲ್ಲವೇ ಎಂದೆ.

ಅವನು ಉಗುರಿನ ಸಂದಿಯ ಅಂಟನ್ನು ಕೆರೆಯತೊಡಗಿದ. ನಾನು ಬಾಯಿ ತೆಗೆಯಲಿಲ್ಲ, ದೇವರಾಣೆಗೂ.

"ಹೆಂಗೆ ಕೇಳ್ಲಿ? ಅವಳ ಅತ್ತೆ ಇರೋವರೆಗೂ ಅವಳು ಅಲ್ಲೇ ಇರಬೇಕು. ಯಾವಾಗ ಬರ್ತೀಯಾ ಅಂದ್ರೆ, ನಿಮ್ಮತ್ತೆ ಯಾವಾಗ ಸಾಯ್ತಾರೆ ಅಂತ ಕೇಳ್ದಂಗಲ್ವಾ?"

ಮೂರು ವರ್ಷ ಒಬ್ಬ ಒಳ್ಳೆಯತನದಿಂದ ನುಂಗಿಕೊಂಡ ಪ್ರಶ್ನೆ ಇನ್ನೊಬ್ಬಳಿಗೆ ಬಾಗಿಲು ಮುಚ್ಚಿದ ಸದ್ದಾಗಿ ಕೇಳಿಸಿತ್ತು. ಅಲ್ಲಿಗೇ ಮುಗಿಯಲಿಲ್ಲ. ಅವನು ಇನ್ನೊಂದು ಮಾತು ಹೇಳಿದ.

ಪುಸ್ತಕ ಹೊಲಿಯಲು ಒಂದು ಮರದ ಚೌಕಟ್ಟು ಇರುತ್ತದೆ. ಮಡಿಸಿದ ಹಾಳೆಗಳ ಒಂದೊಂದು ಕಟ್ಟಿಗೆ ಫಾರಂ ಅನ್ನುತ್ತಾರೆ. ಒಂದೊಂದೇ ಫಾರಂ ಇಟ್ಟು, ದಾರ ಹಾಯಿಸಿ, ಕೆಳಗಿನದಕ್ಕೆ ಗಂಟು ಹಾಕಿ ಬಿಗಿಯಬೇಕು. ಅಕ್ಕ ಹೋದ ದಿನ ಆ ಚೌಕಟ್ಟಿನಲ್ಲಿ ಒಬ್ಬ ಪಶುವೈದ್ಯರ ಪುಸ್ತಕವಿತ್ತು, ಅವರೇ ನಲವತ್ತು ವರ್ಷ ಕೈಯಲ್ಲಿ ಬರೆದಿಟ್ಟ ಟಿಪ್ಪಣಿಗಳು. ಇಪ್ಪತ್ತೆರಡು ಫಾರಂಗಳಲ್ಲಿ ಒಂಬತ್ತನ್ನು ಹೊಲಿದು, ಹತ್ತನೆಯದಕ್ಕೆ ಸೂಜಿ ಚುಚ್ಚಿ ಎದ್ದುಹೋಗಿದ್ದಳು. ಅದು ಇವತ್ತಿಗೂ ಹಾಗೇ ಇದೆಯಂತೆ, ಕಿಟಕಿಯ ಪಕ್ಕ, ಮೇಲೊಂದು ಬಟ್ಟೆ ಹೊದಿಸಿಕೊಂಡು.

"ಅವಳದು ಎಡಗೈ. ಗಂಟು ಎಡಕ್ಕೆ ಬೀಳತ್ತೆ. ಅರ್ಧದಿಂದ ನಾನು ಮುಂದುವರಿಸಿದ್ರೆ ಪುಸ್ತಕದ ಬೆನ್ನು ತಿರುಚಿಕೊಳ್ಳತ್ತೆ," ಎಂದ. ಆಮೇಲೆ ತಾನೇ ಒಪ್ಪಿಕೊಂಡ. "ಪೂರ್ತಿ ಬಿಚ್ಚಿ ಮೊದಲಿಂದ ಹೊಲೀಬಹುದಿತ್ತು. ಬಿಚ್ಚೋಕೆ ಮನಸ್ಸಾಗಲಿಲ್ಲ. ಡಾಕ್ಟರು ಬಂದು ಕೇಳ್ದಾಗೆಲ್ಲ, ಅಕ್ಕ ಬರ್ತಾಳೆ ಸಾರ್, ಬಂದು ಮುಗಿಸ್ತಾಳೆ ಅಂದೆ."

ಎರಡು ವರ್ಷ, ಇಬ್ಬರು ವಕೀಲರು, ಒಬ್ಬ ವ್ಯಾಕರಣದ ಮೇಷ್ಟರು ಸೇರಿ ಹುಡುಕುತ್ತಿದ್ದ ಅರ್ಥ ಇದೇ ತಾನೆ? ಅದು ಈ ಮನುಷ್ಯನ ಬಾಯಲ್ಲೇ ಇತ್ತು. ಇದನ್ನು ಅಕ್ಕನಿಗೆ ಹೇಳಬಹುದಾ ಎಂದು ಕೇಳಿದೆ. ಅವನು ಗಾಬರಿಯಿಂದ ತಲೆಯಾಡಿಸಿದ. ಖಂಡಿತ ಬೇಡ, ಅವಳು ಬರೋದಿಲ್ಲ ಅಂತ ಬರೆದುಕೊಟ್ಟು ಪ್ರಮಾಣ ಮಾಡಿದ್ದೇನೆ, ಕಾಯುತ್ತಿದ್ದೆ ಅಂತ ಈಗ ಹೇಳಿದರೆ ಸುಳ್ಳುಗಾರನಾಗುತ್ತೇನೆ ಎಂದ.

ಎರಡು ಕೋಣೆಗಳ ನಡುವೆ ಒಂದು ನೀರಿನ ಕೊಳಾಯಿ ಇದೆ. ಅಲ್ಲಿ ನಿಂತು ಎರಡು ಲೋಟ ನೀರು ಕುಡಿದೆ. ಒಂದು ಕಿವಿಯಲ್ಲಿ ಅಕ್ಕನ ಗುಟ್ಟು, ಇನ್ನೊಂದರಲ್ಲಿ ತಮ್ಮನದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಊಟದ ಹೊತ್ತಿಗೆ ಮನೆಗೆ ಹೋಗಬಹುದಿತ್ತು. ಸುಳ್ಳು ಹೇಳುವುದಿಲ್ಲ, ಹೇಳಿಬಿಡಬೇಕು ಎಂದು ನಿರ್ಧರಿಸಿಯೇ ಅಕ್ಕನ ಬಳಿ ಹೋದೆ. ಒಳ್ಳೆಯದಕ್ಕೆ ತಾನೆ ಎಂದು ಸಮಾಧಾನವನ್ನೂ ಹೇಳಿಕೊಂಡೆ. "ನಿಮ್ಮ ಚೌಕ..." ಎಂದು ಬಾಯಿಗೆ ಬಂದೂಬಿಟ್ಟಿತು.

ಅವಳು ತಲೆಯೆತ್ತಿದಳು. ನನಗೆ ಕೆಮ್ಮು ಬಂತು. ಅಂದರೆ ಬರಿಸಿಕೊಂಡೆ. ಗೋಡೆಯ ದಾವೆಯ ಮುದುಕ ಆಡಬೇಕಿದ್ದ ಮಾತನ್ನು ಅವನ ಬದಲು ನಾನೇ ಆಡಿದ್ದರಿಂದಲೇ ಅವನಿಗೆ ಅಣ್ಣ ಸಿಗಲಿಲ್ಲ ಎಂಬುದು ಆ ಕೆಮ್ಮಿನ ನಡುವೆ ಹೊಳೆಯಿತು. ಇವರ ಮಾತನ್ನು ಇವರೇ ಆಡಬೇಕು. ನಾನು ಹೇಳಿದರೆ ಅದು ಮೂರನೆಯವಳ ಚಾಡಿಯಾಗುತ್ತದೆ ಅಷ್ಟೆ.

ಕಣ್ಣೊರೆಸಿಕೊಂಡು, ನಿಮ್ಮ ಚೌಕಾಶಿಯೇನೂ ನನಗೆ ಬೇಡ ಎಂದು ಏನೋ ಹೇಳಿ ಮುಚ್ಚಿಹಾಕಿದೆ. ಆಮೇಲೆ ತರಬೇತಿಯಲ್ಲಿ ಕಲಿಸಿದ್ದ ಒಂದು ಪ್ರಶ್ನೆಯನ್ನು ಕೇಳಿದೆ. ಈ ಐದು ವರ್ಷದಲ್ಲಿ ನಿಮಗೆ ಗೊತ್ತಾಗದೆ ಉಳಿದಿರುವ ಸಂಗತಿ, ತಮ್ಮನಿಂದ ತಿಳಿಯಬೇಕು ಅನ್ನಿಸುವಂಥದ್ದು ಯಾವುದಾದರೂ ಇದೆಯೇ ಎಂದೆ.

ಅವಳು ಸೆರಗಿನ ಅಂಚನ್ನು ಎಡಗೈಯಲ್ಲಿ ಮಡಿಸುತ್ತ ಯೋಚಿಸಿದಳು. ಬೋರ್ಡಿನ ಬಗ್ಗೆ ಕೇಳುತ್ತಾಳೆ ಎಂದುಕೊಂಡಿದ್ದೆ.

"ಡಾಕ್ಟರ ಪುಸ್ತಕ ಒಂದಿತ್ತು ನನ್ನ ಕೈಲಿ. ಅರ್ಧಕ್ಕೆ ಬಿಟ್ಟುಹೋದೆ. ಕೊಟ್ಟ ಕೆಲಸ ಮುಗಿಸದೆ ಎದ್ದುಹೋದವಳು ಅಂತ ಆಯ್ತಲ್ಲ, ಅದು ಈಗ್ಲೂ ಚುಚ್ಚತ್ತೆ. ಅದೇನಾಯ್ತು ಅಂತ ಕೇಳಿ."

ಈ ಪ್ರಶ್ನೆಯನ್ನು ಒಯ್ಯಬಹುದಾ ಎಂದೆ. ಒಯ್ಯಿರಿ ಎಂದಳು. ನಾನು ಅಷ್ಟು ಬೇಗ ಎದ್ದದ್ದನ್ನು ನೋಡಿ ಅವಳಿಗೆ ಆಶ್ಚರ್ಯವಾಗಿರಬೇಕು.

ಪ್ರಶ್ನೆ ಕೇಳಿ ತಮ್ಮನ ಮುಖದ ಬಣ್ಣವೇ ಬದಲಾಯಿತು. ಅವಳೇ ಕೇಳಿದಳಾ ಎಂದು ಎರಡು ಸಲ ಖಚಿತಪಡಿಸಿಕೊಂಡ. ಹೌದು, ಅವರೇ ಕೇಳಿದರು, ಉತ್ತರ ಕೊಡಬೇಕೋ ಬೇಡವೋ ನಿಮಗೆ ಬಿಟ್ಟದ್ದು ಎಂದೆ. ಪ್ರಮಾಣದ ಭಯ ಅವನನ್ನು ಬಿಟ್ಟಿರಲಿಲ್ಲ. ಇಲ್ಲಿ ಹೇಳಿದ್ದನ್ನು ಸೋಮವಾರ ಅವಳ ವಕೀಲರು ಎತ್ತಿ ಆಡಿದರೆ ಏನು ಗತಿ ಎಂದು ಕೇಳಿದ. ಆಡುವ ಹಾಗಿಲ್ಲ ಎಂದು ಬಿಡಿಸಿ ಹೇಳಿದೆ. ಇಲ್ಲಿನ ಮಾತು ಸಾಕ್ಷಿಯಾಗುವುದಿಲ್ಲ, ನನ್ನನ್ನೂ ಕರೆದು ಕೇಳುವಂತಿಲ್ಲ, ನ್ಯಾಯಾಧೀಶರಿಗೆ ನಾನು ಕಳಿಸುವುದು ಒಂದೇ ಸಾಲು, ಇತ್ಯರ್ಥವಾಯಿತು ಅಥವಾ ಆಗಲಿಲ್ಲ. ಆದರೆ ಬರೆದುಕೊಟ್ಟದ್ದನ್ನು ಒಪ್ಪಂದದಲ್ಲಿ ನೀವೇ ಸರಿಪಡಿಸಿ ವಾಪಸು ಪಡೆಯಬಹುದು, ಅದನ್ನು ನಿಮ್ಮ ವಕೀಲರನ್ನೇ ಕೇಳಿಕೊಳ್ಳಿ ಎಂದೆ.

ಅವನು ಹೊರಗೆ ಹೋಗಿ ವಕೀಲರ ಜೊತೆ ಹತ್ತು ನಿಮಿಷ ಮಾತಾಡಿದ. ವಕೀಲರ ಮುಖ ಹುಳ್ಳಗಾದದ್ದು ಬಾಗಿಲ ಗಾಜಿನಿಂದ ಕಂಡಿತು. ಪಾಪ, ಹಾಲಿನವನ ವಾದ ಅವರಿಗೆ ಬಲು ಇಷ್ಟವಾಗಿತ್ತು.

ಮತ್ತೆ ಎಲ್ಲರೂ ದುಂಡು ಮೇಜಿಗೆ ಬಂದು ಕೂತೆವು. ಒಂದು ಪ್ರಶ್ನೆ ಬಂದಿದೆ, ಉತ್ತರ ಕೊಡುವವರು ಕೊಡಬಹುದು ಎಂದಷ್ಟೇ ಹೇಳಿ ನಾನು ಕೈಕಟ್ಟಿಕೊಂಡೆ. ತಮ್ಮ ಬಾಯಿ ತೆಗೆಯಲಿಲ್ಲ. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ. ಅಕ್ಕನ ವಕೀಲರು ಏನೋ ಹೇಳಲು ಹೊರಟರು, ಬೆರಳೆತ್ತಿ ತಡೆದೆ. ಗಿರಣಿ ಇನ್ನೊಬ್ಬರ ಬಾಯಿ ಮುಚ್ಚಿಸಿದ್ದನ್ನು ಅವರು ಆಮೇಲೆ ಊರೆಲ್ಲ ಹೇಳಿಕೊಂಡು ನಕ್ಕರಂತೆ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ಮೌನವನ್ನು ಸಹಿಸಿರಲಿಲ್ಲ. ಸ್ಕೂಟರ್ ಕೊನೆಗೂ ಹತ್ತಿಕೊಂಡು ಹೊರಟುಹೋಯಿತು.

"ಅಕ್ಕಾ," ಎಂದ ತಮ್ಮ, ಮೇಜನ್ನೇ ನೋಡುತ್ತ. "ಆ ಪುಸ್ತಕ ಚೌಕಟ್ಟಲ್ಲೇ ಇದೆ. ನೀನು ಸೂಜಿ ಎಲ್ಲಿ ಚುಚ್ಚಿಟ್ಟಿದ್ಯೋ ಅಲ್ಲೇ ಇದೆ."

ಅವಳು ತಿರುಗಲಿಲ್ಲ. ಕಿಟಕಿಯ ಕಡೆ ನೋಡುತ್ತಲೇ, ಐದು ವರ್ಷದ ಸೂಜಿ, ತುಕ್ಕು ಹಿಡಿದಿರುತ್ತದೆ ಎಂದಳು. ದನಿ ಒಡೆದಿತ್ತು.

"ಇಲ್ಲ. ತಿಂಗಳಿಗೊಂದ್ಸಲ ಎಣ್ಣೆ ಸವರ್ತೀನಿ."

ಆಗ ತಿರುಗಿದಳು. ಐದು ವರ್ಷದಲ್ಲಿ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು. ನೋಡಿ, ಬೈದಳು. ಎಣ್ಣೆ ತಾಗಿದರೆ ದಾರ ಕಲೆಯಾಗುತ್ತದೆ, ಅಪ್ಪ ಅಷ್ಟೂ ಹೇಳಿಕೊಟ್ಟಿರಲಿಲ್ಲವಾ, ಇಷ್ಟು ವರ್ಷ ಅಂಗಡಿಯಲ್ಲಿ ಏನು ಕಲಿತೆ ಎಂದು ಬೈಯುತ್ತಲೇ ಕಣ್ಣೀರು ಹಾಕಿದಳು. ಅವನು ಅಷ್ಟು ಬೈಗುಳವನ್ನೂ ತಲೆತಗ್ಗಿಸಿ ಕೇಳಿಸಿಕೊಂಡ. ಬೈಸಿಕೊಳ್ಳುವುದರಲ್ಲಿ ಅಷ್ಟು ಸುಖಪಟ್ಟ ಮನುಷ್ಯನನ್ನು ನಾನು ನೋಡಿಲ್ಲ. ಆಮೇಲೆ ಯಾವಾಗ ಬರ್ತೀಯಾ ಎಂದು ಯಾಕೆ ಕೇಳಲಿಲ್ಲ ಎಂಬುದನ್ನೂ ಅವನೇ ಹೇಳಿದ. ನಿಮ್ಮತ್ತೆ ಎಂಬ ಪದ ಬರುವಷ್ಟರಲ್ಲಿ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಮುಂದಿದ್ದ ಕಾಗದದ ಕರವಸ್ತ್ರದ ಡಬ್ಬಿಯನ್ನು ಅವಳ ಕಡೆ ತಳ್ಳುವ ಮೊದಲು ನಾನೇ ಒಂದನ್ನು ತೆಗೆದುಕೊಂಡೆ.

ಒಪ್ಪಂದ ಬರೆಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ದಾವೆ ವಾಪಸು. ಬರೆದುಕೊಟ್ಟದ್ದು ತಪ್ಪಾಗಿತ್ತೆಂದು ತಮ್ಮ ಕಚೇರಿಗೆ ತಿಳಿಸಿ, ಪರವಾನಗಿಗೆ ಇಬ್ಬರ ಹೆಸರನ್ನೂ ಹಾಕಿಸುವುದು. ಬೋರ್ಡಿನಲ್ಲಿ 'ಅಕ್ಕ' ಮತ್ತೆ ಬರುವುದು, ಮೊದಲಿನ ಅಳತೆಯಲ್ಲೇ. ಕಿಟಕಿಯ ಪಕ್ಕದ ಜಾಗದ ಬಗ್ಗೆ ಒಂದು ಷರತ್ತು ಸೇರಿಸೋಣವೇ ಎಂದು ಅಕ್ಕನ ವಕೀಲರು ಕೇಳಿದರು. ಅದಕ್ಕೇನು ಷರತ್ತು, ಅದು ಅವಳದೇ ಅಲ್ವಾ ಎಂದು ತಮ್ಮ ಸಿಡುಕಿದ. ಕರೆದದ್ದು ಹಾಗೆ. ಅಕ್ಕನಿಗೆ ಅಷ್ಟು ಸಾಕಾಯಿತು ಎಂದು ಅವಳ ಮುಖ ನೋಡಿ ಗೊತ್ತಾಯಿತು. ಇಬ್ಬರೂ ಓದಿ ಸಹಿ ಹಾಕಿದರು, ಅವಳು ಎಡಗೈಯಲ್ಲಿ, ಅವನು ಬಲಗೈಯಲ್ಲಿ.

ನಾನು ನ್ಯಾಯಾಧೀಶರಿಗೆ ಕಳಿಸುವ ಒಂದು ಸಾಲನ್ನು ಬರೆಯುತ್ತಿದ್ದೆ. ಅಕ್ಕ ಚೀಲ ಹೆಗಲಿಗೇರಿಸಿ ಎದ್ದು, ಬಾಗಿಲ ಬಳಿ ನಿಂತು, ಎಲ್ಲರೂ ಹೇಳುವಂತೆ ಹೇಳಿದಳು.

"ಬರ್ತೀನಿ."

ವಕೀಲರಿಬ್ಬರ ಕೈಯೂ ಕಡತದ ಮೇಲೆ ಹಾಗೇ ನಿಂತಿತು. ಅವಳಿಗೂ ತಾನು ಆಡಿದ್ದು ಕೇಳಿಸಿತೋ ಏನೋ, ಬಾಗಿಲ ಹಿಡಿ ಬಿಡದೆ ನಿಂತಳು. ತಮ್ಮ ತಲೆಯೆತ್ತಿದ.

"ಯಾವಾಗ?" ಎಂದ.

"ನಾಳೆ, ಒಂಬತ್ತಕ್ಕೆ," ಎಂದಳು ಅಕ್ಕ. "ಅಷ್ಟರೊಳಗೆ ಆ ಸೂಜಿ ಮುಟ್ಟಬೇಡ."